ಸವಾರಿ ಕಲಿಸಿ, ಜೊತೆಗೆ ಕುದುರೆ ನೋಡೋದನ್ನೂ ಕಲಿಸಿ

ಅಮೆರಿಕದಲ್ಲಿರುವ ಕನ್ನಡದ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಮಗುವಿಗೆ ಕುದುರೆ ಹುಚ್ಚು ಹಿಡಿದಿದ್ದರೆ ಸೀದಾ ದುಬಾರಿ ಸವಾರಿ ಶಾಲೆಗೆ ದುಡ್ಡು ಕಟ್ಟಬೇಡಿ. ಮೊದಲು ನಿಮ್ಮ ಕೌಂಟಿಯಲ್ಲಿ 4-ಎಚ್ ಕ್ಲಬ್ (ಮಕ್ಕಳು ಕೈಯಾರೆ ಮಾಡಿ ಕಲಿಯುವ ಸಂಘ) ವಿಚಾರಿಸಿ, ಹಾರ್ಸ್ ಜಡ್ಜಿಂಗ್ ಕ್ಲಿನಿಕ್, ಅಂದರೆ ಕುದುರೆಗಳನ್ನು ನೋಡಿ ಯಾವುದು ಮೇಲು ಅಂತ ತೀರ್ಮಾನಿಸೋದನ್ನು ಕಲಿಸುವ ಶಿಬಿರ, ಇದ್ದರೆ ಕರೆದುಕೊಂಡು ಹೋಗಿ. ಜಡ್ಜಿಂಗ್ ಕಲಿಯೋಕೆ ಸ್ವಂತ ಕುದುರೆ ಬೇಕಿಲ್ಲ. 4-ಎಚ್ ಹಿಂದಿರುವುದು ರಾಜ್ಯದ ವಿಶ್ವವಿದ್ಯಾಲಯಗಳ ಕೃಷಿ ವಿಸ್ತರಣಾ ವಿಭಾಗ, 1914ರ ಸ್ಮಿತ್-ಲಿವರ್ ಕಾಯ್ದೆಯಿಂದ ಬೆಳೆದ ವ್ಯವಸ್ಥೆ.

ನಾಲ್ಕು ಕುದುರೆಗಳನ್ನು ಸಾಲಾಗಿ ನಿಲ್ಲಿಸುತ್ತಾರೆ. ಮಕ್ಕಳು ಪಕ್ಕದಿಂದ, ಮುಂದಿನಿಂದ, ಹಿಂದಿನಿಂದ ನೋಡುತ್ತಾರೆ. ನಡಿಗೆ, ಓಟ ಗಮನಿಸುತ್ತಾರೆ. ಆಮೇಲೆ ಯಾವುದು ಮೊದಲು, ಯಾವುದು ಕೊನೆ ಅಂತ ಕಾರ್ಡಿನಲ್ಲಿ ಗುರುತು ಹಾಕಬೇಕು. ನಾಲ್ಕೇ ಕುದುರೆ, ಆದರೆ ಜೋಡಿಸುವ ಬಗೆ 24. ಸರಿಯಾಗಿ ಜೋಡಿಸಿದರೆ 50 ಅಂಕ.

ನನಗೆ ತುಂಬಾ ಹಿಡಿಸಿದ್ದು ಆಮೇಲಿನದು. ಮಗು ಒಂಟಿಯಾಗಿ ತೀರ್ಪುಗಾರರ ಎದುರು ನಿಂತು, ಚೀಟಿ ನೋಡದೆ, ಎರಡು ನಿಮಿಷದೊಳಗೆ ಕಾರಣ ಹೇಳಬೇಕು. "2ನೇ ಕುದುರೆಯನ್ನು 4ಕ್ಕಿಂತ ಮೇಲಿಟ್ಟಿದ್ದೇನೆ. ಅದರ ಹಿಂಗಾಲು ನೆಟ್ಟಗಿದೆ, ಹೆಜ್ಜೆ ಉದ್ದ. 4ರ ಕುತ್ತಿಗೆ ಇದಕ್ಕಿಂತ ಚೆಂದ, ಒಪ್ಪುತ್ತೇನೆ. ಆದರೆ ಹಿಂದೆ ನಿಂತು ನೋಡಿದರೆ ಅದರ ಹಿಂಗಾಲಿನ ಗಂಟುಗಳು ಒಳಕ್ಕೆ ತಿರುಗಿವೆ." ಹೀಗೆ. ಕೆಳಗಿಟ್ಟ ಕುದುರೆಯಲ್ಲಿ ಒಳ್ಳೆಯದು ಏನಿದೆ ಅಂತ ಬಾಯಿಬಿಟ್ಟು ಹೇಳಿದವರಿಗೇ ಒಳ್ಳೆ ಅಂಕ. ಟಿವಿ ಚರ್ಚೆಗಳಲ್ಲಿ ದೊಡ್ಡವರು ಇದನ್ನು ಮಾಡೋದು ನಾನಂತೂ ನೋಡಿಲ್ಲ. ನನ್ನ ಮಗಳು ಹತ್ತನೇ ವಯಸ್ಸಿಗೆ ಕಲಿತಳು.

ಹಾಗಂತ ಬರೀ ನೋಡೋದು ಸಾಲದು. ಮೈಗೆ ಬರಬೇಕು. ಬೆಳಿಗ್ಗೆ ಹೆಲ್ಮೆಟ್ ಹಾಕಿಕೊಂಡು ಸವಾರಿ, ಮಧ್ಯಾಹ್ನ ಜಡ್ಜಿಂಗ್, ಇಂಥ ಕ್ಲಿನಿಕ್ಕುಗಳೇ ಒಳ್ಳೆಯವು. ಟ್ರಾಟ್ ಅನ್ನುವ ನಿಧಾನದ ಓಟದಲ್ಲಿ ಕುದುರೆಯ ಹೊರಗಿನ, ಅಂದರೆ ಅಂಗಳದ ಬೇಲಿಯ ಕಡೆಯ, ಮುಂಗಾಲು ಮುಂದಕ್ಕೆ ಹೋದಾಗ ಸವಾರ ಜೀನಿನಿಂದ ಏಳಬೇಕು. ತಾನೇ ತಡವರಿಸಿ ಕಲಿತ ಮಗುವಿಗೆ ಬೇರೆಯವರ ತಾಳ ತಪ್ಪಿದ್ದು ತಕ್ಷಣ ಕಾಣುತ್ತದೆ. ಗೊರಸಿನ ಕೊಳೆ ತೆಗೆಯೋದೂ ಅಷ್ಟೇ. ಹಿಮ್ಮಡಿಯಿಂದ ಮುಂದಕ್ಕೆ ಕೆರೆಯಬೇಕು, ನಡುವಿನ ಮೂರು ಮೂಲೆಯ ಮೆತ್ತನೆ ಭಾಗಕ್ಕೆ ಚುಚ್ಚಬಾರದು. ಕಾಲನ್ನು ಕೈಯಲ್ಲಿ ಹಿಡಿದವರಿಗೆ ಕಾಲು ಯಾಕೆ ಮುಖ್ಯ ಅಂತ ಬೇರೆ ಹೇಳಿಕೊಡಬೇಕಾ? ಸೊಟ್ಟ ಕಾಲಿನ ಮೇಲೆ ಭಾರ ಸಮನಾಗಿ ಬೀಳಲ್ಲ, ಕೀಲಿಗೆ ಪೆಟ್ಟು ಜಾಸ್ತಿ.

ಈ ಕಣ್ಣು ನಮಗೆ ಹೊಸದೇನಲ್ಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿ ಕೊಳ್ಳುವ ರೈತರು ಹಲ್ಲು ನೋಡಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡಿಯೇ ವ್ಯಾಪಾರಕ್ಕೆ ಕೂರೋದು.

ಬೆಂಗಳೂರಿನ ಕುದುರೆ ಸವಾರ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ಗೆದ್ದರು. ಅವರ ಈವೆಂಟಿಂಗ್ ಸ್ಪರ್ಧೆಯಲ್ಲಿ (ಒಂದೇ ಕುದುರೆಯ ಮೇಲೆ ಮೂರು ಬಗೆಯ ಸವಾರಿ ಪರೀಕ್ಷೆ) ಕುದುರೆಯನ್ನು ತೀರ್ಪುಗಾರರ ಎದುರು ಓಡಿಸಿ ತೋರಿಸಬೇಕು. ಕುಂಟು ಕಂಡರೆ ಅಲ್ಲಿಗೇ ಆಟ ಮುಗಿಯಿತು. ಅಂದಮೇಲೆ ಕರ್ನಾಟಕದ ನಮ್ಮ ಊರುಗಳ ಸವಾರಿ ಶಾಲೆಗಳಲ್ಲೂ ಮಕ್ಕಳಿಗೆ ಈ ನೋಟ ಕಲಿಸಬೇಕು, ಅಲ್ವಾ? ಖರ್ಚೇನೂ ಇಲ್ಲ. ಕ್ಲಾಸ್ ಮುಗಿದ ಮೇಲೆ ಅರ್ಧ ಗಂಟೆ ಎರಡು ಕುದುರೆ ಪಕ್ಕಪಕ್ಕ ನಿಲ್ಲಿಸಿ, ಯಾವುದು ಮೇಲು, ಯಾಕೆ ಅಂತ ಕೇಳಿ. ನಿಮ್ಮ ಮಗು ಅಲ್ಲಿ ಕಲಿಯುತ್ತಿದ್ದರೆ ಈ ವಾರವೇ ಕೋಚ್ ಹತ್ತಿರ ಮಾತಾಡಿ ನೋಡಿ.