ಆ ಹೆಂಗಸರ ಕೈಗೊಂದು ಗ್ಲೌಸ್ ಕೊಡಿ ಮಾರಾಯ್ರೆ

ಇವತ್ತು ಮೂಡಿಗೆರೆ ಕಡೆ ಹೋಗೋವಾಗ ದಾರಿಲಿ ಒಂದು ಕಾಡುಗಿಡದ ನರ್ಸರಿ ಹತ್ರ ಗಾಡಿ ನಿಲ್ಸಿದ್ದೆ. ಹೆಂಗಸರೆಲ್ಲ ಸಾಲಾಗಿ ಕೂತು ಮಣ್ಣು, ಮರಳು, ಡಿಎಪಿ ಗೊಬ್ಬರ ಎಲ್ಲ ಬರಿಗೈಲಿ ಕಲಸ್ತಾ ಪಾಲಿಥಿನ್ ಚೀಲಕ್ಕೆ ತುಂಬ್ತಿದ್ರು. ಒಬ್ಬರ ಕೈಲೂ ಗ್ಲೌಸ್ ಇಲ್ಲ. ತೇವಕ್ಕೆ ಗಟ್ಟಿಯಾದ ಯೂರಿಯಾನ ಒಬ್ಬಮ್ಮ ಕಲ್ಲಲ್ಲಿ ಕುಟ್ಟಿ ಪುಡಿ ಮಾಡ್ತಿದ್ರು, ಅದರ ಘಾಟು ನಾನು ನಿಂತ ಕಡೆಗೂ ಬರ್ತಿತ್ತು.

"ಕೈ ಉರಿಯಲ್ವೇನಮ್ಮ?" ಅಂದೆ. "ಉರಿತದೆ ಕಣವ್ವ, ರಾತ್ರಿ ಕೊಬ್ಬರಿ ಎಣ್ಣೆ ಹಚ್ಕಂತೀವಿ" ಅಂದ್ರು.

ನಮ್ಮಮ್ಮ ಇದೇ ಕೂಲಿ ಮಾಡಿ ನಮ್ಮನ್ನ ಓದಿಸಿದ್ದು ನಿಮಗೆಲ್ಲ ಗೊತ್ತೇ ಇದೆ. ಅವಳ ಬೆರಳ ಸಂದಿ ಒಡೆದು ರಕ್ತ ಬರೋದು, ಆಸ್ಪತ್ರೇಲಿ ಮುಲಾಮು ಬರೆದು ಕಳಿಸೋರು, ಏನ್ ಕೆಲಸ ಮಾಡ್ತೀಯಮ್ಮ ಅಂತ ಒಬ್ಬರೂ ಕೇಳಿದ್ದು ನಾ ನೋಡಿಲ್ಲ. ಅದಕ್ಕೇ ಇವತ್ತು ಸಿಟ್ಟು ತಡೆಯಕ್ಕಾಗ್ಲಿಲ್ಲ.

ಅಲ್ಲಿದ್ದ ಮೇಸ್ತ್ರಿ "ಇದು ಗೊಬ್ಬರ ಮೇಡಂ, ವಿಷ ಅಲ್ಲ" ಅಂದ್ರು. ನಿಜ, ಕೀಟನಾಶಕದ ತರ ಅಲ್ಲ. ಅದಕ್ಕೇ ಯಾರೂ ತಲೆ ಕೆಡಿಸ್ಕೊಳ್ಳಲ್ಲ. ಆದ್ರೆ ಡಿಎಪಿ ತರದ ಗೊಬ್ಬರ ಅಂದ್ರೆ ಉಪ್ಪು, ಚರ್ಮದ ನೀರು ಹೀರುತ್ತೆ, ಕೈ ಒಣಗಿ ಬಿರುಕು ಬಿಡುತ್ತೆ, ಆ ಬಿರುಕಿಗೆ ಮಣ್ಣು ಸೇರಿ ಕೀವಾಗುತ್ತೆ. ಯೂರಿಯಾ ತೇವದ ಮಣ್ಣಿಗೆ ಸೇರಿದ್ರೆ ಅಮೋನಿಯಾ ಬಿಡುತ್ತೆ, ಕಣ್ಣು ಗಂಟಲು ಉರಿ, ದಮ್ಮಿದ್ದೋರಿಗೆ ಕೆಮ್ಮು ಜಾಸ್ತಿ. ಡಿಎಪಿ ತರದ ರಂಜಕದ ಗೊಬ್ಬರ ಮಾಡೋ ರಾಕ್ ಫಾಸ್ಫೇಟ್ ಅನ್ನೋ ಕಲ್ಲಲ್ಲಿ ಕ್ಯಾಡ್ಮಿಯಂ ಸ್ವಲ್ಪ ಇರುತ್ತೆ, ಮೈಗೆ ಸೇರಿದ್ರೆ ವರ್ಷಗಟ್ಟಲೆ ಉಳಿದು ಕಿಡ್ನಿಗೆ ತೊಂದರೆ ಕೊಡೋ ಲೋಹ. ಅದೇ ಕೈಲಿ ಎಲೆ ಅಡಿಕೆ ಹಾಕ್ಕೊಳ್ತಾರೆ, ಬುತ್ತಿ ಬಿಚ್ಚಿ ತಿಂತಾರೆ, ಕೈ ತೊಳೆಯಕ್ಕೆ ಸೋಪಿಲ್ಲ. ಖಾಲಿ ಯೂರಿಯಾ ಚೀಲನೇ ಮಳೆಗೆ ಕೊಪ್ಪೆ.

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಕಾಡಿನ ಸಸಿ ನೆಡೋರು ಗೊಬ್ಬರ ಮುಟ್ತಾರೆ ಅಂತ ಅವರ ಮೈಗೆ ಏನೇನು ಸೇರುತ್ತೆ ಅಂತ ಸಂಶೋಧಕರು ಅಳೆದೇ ನೋಡಿದಾರೆ. ನಮ್ಮಲ್ಲಿ? 2025ರ ನವೆಂಬರ್‌ವರೆಗೆ ಇದ್ದ 1951ರ ಪ್ಲಾಂಟೇಶನ್ ಲೇಬರ್ ಆಕ್ಟಿಗೆ 2010ರಲ್ಲಿ ತಿದ್ದುಪಡಿ ತಂದು ಕೆಮಿಕಲ್ ಮುಟ್ಟೋ ಕೆಲಸಗಾರರ ಸುರಕ್ಷತೆ ಮಾಲೀಕರ ಹೊಣೆ ಅಂತ ಬರೆದ್ರು, ಆದ್ರೆ ಅದು ಕಾಫಿ, ಟೀ, ರಬ್ಬರ್, ಏಲಕ್ಕಿ ತರದ ತೋಟಗಳಿಗೆ ಇದ್ದಿದ್ದು. ಕಾಡುಗಿಡದ ನರ್ಸರಿ ಹೆಂಗಸರು ಅದ್ರಲ್ಲಿ ಎಲ್ಲೂ ಬರ್ತಿರ್ಲಿಲ್ಲ.

"ಗ್ಲೌಸ್ ಕೊಟ್ರೂ ಹಾಕ್ಕೊಳ್ಳಲ್ಲ" ಅಂತ ಇನ್ನೊಂದು ಮಾತು ಬರುತ್ತೆ ನೋಡಿ, ಅದನ್ನ ಕೇಳಿದ್ರೆ ಮೈಯೆಲ್ಲ ಉರಿಯುತ್ತೆ. ಗಂಡಸರ ಅಳತೆದು ದಪ್ಪ ರಬ್ಬರ್ ಗ್ಲೌಸ್ ಹಾಕ್ಕೊಂಡು ಪಾಲಿಥಿನ್ ಚೀಲದ ಬಾಯಿ ಬಿಡಿಸಕ್ಕಾಗುತ್ತಾ? ಕೂಲಿ ಚೀಲದ ಲೆಕ್ಕಕ್ಕೆ, ಕೈ ನಿಧಾನ ಆದ್ರೆ ದುಡ್ಡು ಕಡಿಮೆ. ತೆಳ್ಳಗಿನದು, ಅವರ ಬೆರಳಿಗೆ ಕೂರೋದು ತಂದು ಕೊಟ್ಟು ಆಮೇಲೆ ಮಾತಾಡಿ. ಗೊಬ್ಬರ ಕುಟ್ಟೋರಿಗೆ ಮಾಸ್ಕ್, ಊಟದ ಹೊತ್ತಿಗೆ ನೀರು ಸೋಪು, ಅಷ್ಟೇ ಕೇಳ್ತಿರೋದು.

ಈ ವಾರ ಒಂದಿಷ್ಟು ಗ್ಲೌಸ್ ತಗೊಂಡು ನಾನೇ ಹೋಗ್ತಿದೀನಿ. ಆದ್ರೆ ಅದು ಆ ನರ್ಸರಿ ನಡೆಸೋರ ಖರ್ಚು, ನನ್ನ ದಾನ ಅಲ್ಲ, ಅಂತ ಒಂದು ಅರ್ಜೀನೂ ಬರೆದು ಕೊಟ್ಟೇ ಬರ್ತೀನಿ. ಜೊತೆಗೆ ಸಹಿ ಹಾಕೋರು ಫೋನ್ ಮಾಡಿ.