ಅಕ್ರಮವಾಗಿ ತೆಗೆದ ದಿನಗೂಲಿ ನೌಕರರಿಗೆ ಮತ್ತೆ ಕೆಲಸವೋ, ಬರೀ ಪರಿಹಾರವೋ?

ಪರ: ಕೆಲಸವನ್ನೇ ಕೊಡಿಸಬೇಕು

ದುಡ್ಡು ಕೊಟ್ಟು ಕಳಿಸಿದರಾಯ್ತು ಅನ್ನುವವರು ಮಸ್ಟರ್ ರೋಲ್ (ದಿನಗೂಲಿಗಳ ಹಾಜರಿ ಪಟ್ಟಿ) ನೋಡಿದವರಲ್ಲ. ವರ್ಷಕ್ಕೆ 240 ದಿನ ದುಡಿದವರನ್ನು ತೆಗೆಯಬೇಕಾದರೆ ಒಂದು ತಿಂಗಳ ನೋಟಿಸು ಕೊಡಬೇಕು, ದುಡಿದ ಪ್ರತಿ ವರ್ಷಕ್ಕೆ 15 ದಿನದ ಕೂಲಿ ಕೊಡಬೇಕು ಅಂತ 1947ರ ಕೈಗಾರಿಕಾ ವಿವಾದ ಕಾಯ್ದೆಯ 25ಎಫ್ ಕಲಮು ಹೇಳಿತ್ತು. ಇಲಾಖೆಗಳು ಏನು ಮಾಡಿದವು? 240 ಮುಟ್ಟುವ ಮೊದಲೇ 'ಬ್ರೇಕ್' ಕೊಟ್ಟವು, ಅಂದರೆ ಪಟ್ಟಿಯಿಂದ ಹೆಸರು ಬಿಟ್ಟವು.

ನಮ್ಮ ಚಿಕ್ಕಪ್ಪ ಒಂದು ಸರ್ಕಾರಿ ನರ್ಸರಿಯಲ್ಲಿ ಗಿಡ ನೋಡಿಕೊಳ್ಳುತ್ತಿದ್ದರು. ಕೆಲವು ತಿಂಗಳು ಮಸ್ಟರ್ ರೋಲ್‌ನಲ್ಲಿ ಅವರ ಹೆಸರು, ಆಮೇಲೆ ಚಿಕ್ಕಮ್ಮನ ಹೆಸರು. ಚಿಕ್ಕಮ್ಮ ಆ ಗೇಟು ದಾಟಿದವರೇ ಅಲ್ಲ! ಒಂದು ದಿನ ಸಾಹೇಬರು "ನಾಳೆಯಿಂದ ಬರಬೇಡ" ಅಂದರು. ಕಾಗದ ಇಲ್ಲ, ಪತ್ರ ಇಲ್ಲ. ಲೇಬರ್ ಕೋರ್ಟಿಗೆ ಹೋದರೆ ಇಲಾಖೆಯ ವಕೀಲರು ಕೇಳಿದ್ದು, 240 ದಿನಕ್ಕೆ ದಾಖಲೆ ಎಲ್ಲಿ ಅಂತ. ದಾಖಲೆ ಇದ್ದದ್ದು ಅವರದೇ ಬೀರುವಿನಲ್ಲಿ. ಅದನ್ನು ಸಾಬೀತು ಮಾಡುವ ಹೊರೆ ಕೆಲಸಗಾರನದೇ ಅಂತ 2002ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೂ ನಮ್ಮ ಅರಣ್ಯ ಇಲಾಖೆಯ ಕೇಸಿನಲ್ಲೇ.

ಪರಿಹಾರದ ದುಡ್ಡು ಯಾವ ಸಾಹೇಬರ ಜೇಬಿನಿಂದಲೂ ಹೋಗುವುದಿಲ್ಲ. ತೆಗೆದ ಮನುಷ್ಯನ ಹೆಸರನ್ನೇ ಮತ್ತೆ ಹಾಜರಿ ಪುಸ್ತಕದಲ್ಲಿ ಬರೆಯಬೇಕಾದಾಗ ಮಾತ್ರ ಅವರಿಗೆ ಬಿಸಿ ಮುಟ್ಟುತ್ತದೆ. ಗಾಜಿಯಾಬಾದ್ ನಗರ ನಿಗಮ 2005ರಲ್ಲಿ ತೆಗೆದಿದ್ದ ಮಾಲಿಗಳಿಗೆ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೆಲಸವನ್ನೂ ಕೊಡಿಸಿತು, ಅರ್ಧ ಹಿಂಬಾಕಿ ಕೂಲಿಯನ್ನೂ ಕೊಡಿಸಿತು. ಇಪ್ಪತ್ತು ವರ್ಷ ಆದಮೇಲೆ! ಮಾತೆತ್ತಿದರೆ, ದಿನಗೂಲಿಗಳಿಗೆ ಕಾಯಂ ಆಗುವ ಹಕ್ಕಿಲ್ಲ ಅಂದ ಸುಪ್ರೀಂ ಕೋರ್ಟಿನ ಉಮಾದೇವಿ ತೀರ್ಪು ಅನ್ನುವವರಿಗೆ ಒಂದೇ ಪ್ರಶ್ನೆ: ನಾವು ಕಾಯಂ ಮಾಡಿ ಅಂದೆವಾ? ಕಾನೂನು ಮುರಿದು ತೆಗೆದವರನ್ನು ಇದ್ದಲ್ಲಿಗೇ ವಾಪಸ್ ಸೇರಿಸಿಕೊಳ್ಳಿ ಅಂದೆವು, ಅಷ್ಟೇ.

ವಿರೋಧ: ಪರಿಹಾರ ಸಾಕು

ಈ ಕಡೆಯಿಂದ ಬರೆಯಿರಿ ಅಂದರು, ಬರೆಯುತ್ತಿದ್ದೇನೆ.

ಉಮಾದೇವಿ ತೀರ್ಪು 2006ರದು, ಐವರು ನ್ಯಾಯಮೂರ್ತಿಗಳ ಪೀಠದ್ದು. ನಮ್ಮ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಗಳ ಕೇಸು. ಜಾಹೀರಾತು, ಆಯ್ಕೆ, ಮೀಸಲಾತಿ ಯಾವುದೂ ಇಲ್ಲದೆ ಒಳಗೆ ಬಂದವರಿಗೆ ಕಾಯಂ ಆಗುವ ಹಕ್ಕಿಲ್ಲ ಅಂತ ಅದು ಹೇಳಿತು. ಧಾರವಾಡದಲ್ಲಿ ರೂಮು ಮಾಡಿಕೊಂಡು ಕೆಪಿಎಸ್‌ಸಿ ಪರೀಕ್ಷೆಗೆ ಓದುವ ಹುಡುಗಿಗೆ ಏನು ಹೇಳೋಣ? ಎಂಎಲ್‌ಎ ಚೀಟಿ ತಂದವರೆಲ್ಲ ಒಳಗೆ, ನೀನು ಮಾತ್ರ ಹೊರಗೆ ಅಂತಲಾ?

ಇನ್ನೊಂದು ಮಾತು. ನೋಟಿಸು ಕೊಡದೇ ಇದ್ದದ್ದಷ್ಟೇ ತಪ್ಪಾದರೆ, ಕೆಲಸಕ್ಕೆ ವಾಪಸ್ ತಗೊಂಡು, ನೋಟಿಸೂ ದುಡ್ಡೂ ಕೊಟ್ಟು ಮತ್ತೆ ತೆಗೆಯಬಹುದು. ಸುಮ್ನೆ ಯಾಕೆ ಈ ಸುತ್ತು ಅಂತಲೇ 2014ರ ಬಿಎಸ್‌ಎನ್‌ಎಲ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಇಂಥ ದಿನಗೂಲಿಗಳಿಗೆ ಪರಿಹಾರವೇ ಸರಿ ಅಂದಿತು. ಕಿರಿಯರನ್ನು ಉಳಿಸಿಕೊಂಡು ಹಿರಿಯರನ್ನು ತೆಗೆದಿದ್ದರೆ ಮಾತು ಬೇರೆ ಅಂತ ಅದೇ ತೀರ್ಪಿನಲ್ಲಿದೆ. ಅದಕ್ಕೆ ನನ್ನ ತಕರಾರಿಲ್ಲ.

ಪರಿಹಾರ ಎಷ್ಟು ಅನ್ನುವುದು ಬೇರೆ ಜಗಳ. ಇನ್ನೊಂದು ಬಿಎಸ್‌ಎನ್‌ಎಲ್ ಕೇಸಿನಲ್ಲಿ ತಲಾ 2 ಲಕ್ಷ ರೂಪಾಯಿ ಸಿಕ್ಕಿತು. ಅದು ಕಡಿಮೆ ಆಯ್ತು ಅನ್ನಿ, ನಾನೂ ಒಪ್ಪುತ್ತೇನೆ.