ಕೋರ್ಟಿಗೆ ಹೋಗುವವರಿಗೆ ಬೇರೆ ಕೆಲಸ ಇಲ್ವಂತೆ

ಮೊನ್ನೆ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಹತ್ತಿರದ ಸಂಬಂಧ, ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಆರನೇ ಮಹಡಿ, ಬಾಲ್ಕನಿಗೆ ಬಂದರೆ ಕೆರೆ. ನೀರು ಕಾಣುವುದಿಲ್ಲ, ದಡದಿಂದ ದಡಕ್ಕೆ ಅಂತರಗಂಗೆ ಬೆಳೆದಿದೆ. ಆದರೂ ಲೇಕ್ ವ್ಯೂ ಅಂತ ಜಾಸ್ತಿ ದುಡ್ಡು ಕೊಟ್ಟಿದ್ದಾರೆ, ನಾನೇಕೆ ಬಾಯಿ ಹಾಕಲಿ?

ಊಟಕ್ಕೆ ಕೂತಾಗ ಪಕ್ಕದಲ್ಲಿ ಭಾವ. ಎದುರು ಸಾಲಿನಲ್ಲಿದ್ದ ಯಾರೋ, ಯಾವುದೋ ರಸ್ತೆ ಕೆಲಸಕ್ಕೆ ತಡೆಯಾಜ್ಞೆ ಬಂದಿದೆ ಅಂದರು. ಭಾವ ಹೋಳಿಗೆ ಮುರಿಯುತ್ತಾ, "ಈ ಪರಿಸರದವರಿಗೆ ಬೇರೆ ಕೆಲಸ ಇಲ್ಲಮ್ಮ. ಎದ್ದರೆ ಕೋರ್ಟು, ಕೂತರೆ ಕೋರ್ಟು" ಅಂದರು. ಇಡೀ ಪಂಕ್ತಿ ನಕ್ಕಿತು.

ಆವತ್ತಿನಿಂದ ತಲೆಯಲ್ಲಿ ಅದೇ ಕೊರೆಯುತ್ತಿದೆ. ಬೇರೆ ಕೆಲಸ ಇಲ್ಲ ಅಂತೆ!

ನನ್ನ ಕಸುಬು ನಿಮಗೆ ಗೊತ್ತೇ ಇದೆ. ಇಂಗ್ಲಿಷಿನ ಒಣ ಕಾಗದಗಳನ್ನು ಕನ್ನಡಕ್ಕೆ ತಂದು ಹೊಟ್ಟೆ ಹೊರೆಯುವವಳು. ಅದಕ್ಕೇ 2020ರ ಕಥೆ ಮರೆಯಲು ಆಗುವುದಿಲ್ಲ. ಲಾಕ್‌ಡೌನ್ ಬಿಗಿಯಾಗಿದ್ದ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಇಐಎ (ಪರಿಸರದ ಮೇಲಿನ ಪರಿಣಾಮದ ಅಂದಾಜು) ನಿಯಮದ ಕರಡನ್ನು ಗೆಜೆಟ್‌ನಲ್ಲಿ ಪ್ರಕಟಿಸಿತು. ಗಣಿಯೋ ಅಣೆಕಟ್ಟೋ ಕಾರ್ಖಾನೆಯೋ ಶುರುವಾಗುವ ಮೊದಲು, ಏನೇನು ಹಾಳಾಗುತ್ತದೆ ಅಂತ ಅಳೆದು, ಊರವರನ್ನು ಕೇಳಿ, ಆಮೇಲೆ ಅನುಮತಿ ಕೊಡುವ ಏರ್ಪಾಡು ಈ ಇಐಎ. 2006ರಿಂದ ಇದ್ದ ಆ ನಿಯಮವನ್ನು ಕರಡು ಸಡಿಲ ಮಾಡಿತ್ತು. ಸಾರ್ವಜನಿಕ ಅಹವಾಲಿಗೆ ಊರವರು ತಯಾರಾಗಲು ಇದ್ದ 30 ದಿನ 20ಕ್ಕೆ ಇಳಿದಿತ್ತು. ಅನುಮತಿ ಇಲ್ಲದೆ ಕೆಲಸ ಶುರು ಮಾಡಿದವರಿಗೂ ಆಮೇಲೆ ಅನುಮತಿ ಪಡೆಯಲು ದಾರಿ ಇತ್ತು.

ಆಕ್ಷೇಪ ಇದ್ದರೆ ಹೇಳಿ ಅಂದರು. ಕರಡು ಇದ್ದದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ! ಸಂಡೂರಿನ ಗಣಿ ಧೂಳು ಕುಡಿದ ರೈತ ಯಾವುದನ್ನು ಓದಿ ಆಕ್ಷೇಪ ಹೇಳಬೇಕಿತ್ತು?

ಆಗ ಏನಾಯಿತು ಗೊತ್ತಾ? ಬೇರೆ ಕೆಲಸ ಇಲ್ಲದವರು ಕೋರ್ಟಿಗೆ ಹೋದರು. ಕರಡನ್ನು ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಿಗೂ ಅನುವಾದಿಸಿ ಅಂತ ಜೂನ್ 30ರಂದು ದೆಹಲಿ ಹೈಕೋರ್ಟ್ ಹೇಳಿತು. ಸರ್ಕಾರ ಅನುವಾದ ಮಾಡಿಸಿತಾ? ಇಲ್ಲ, ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋಯಿತು. ನನಗೆ ಕೊಟ್ಟಿದ್ದರೆ ಮೂರು ವಾರದಲ್ಲಿ ಮುಗಿಸಿಕೊಡುತ್ತಿದ್ದೆ, ಪುಟದ ಲೆಕ್ಕದಲ್ಲಿ, ಬೇಕಿದ್ದರೆ ಸಾಲಕ್ಕೆ! ಆಗಸ್ಟ್ 5ರಂದು ನಮ್ಮ ಕರ್ನಾಟಕ ಹೈಕೋರ್ಟ್, ಕನ್ನಡದಲ್ಲಿ ಯಾಕಿಲ್ಲ ಅಂತ ಕೇಳಿ, ಅಂತಿಮ ಅಧಿಸೂಚನೆ ಹೊರಡಿಸದಂತೆ ತಡೆ ಕೊಟ್ಟಿತು. ಆ ಕರಡು ಕೊನೆಗೂ ಅಂತಿಮ ಆಗಲೇ ಇಲ್ಲ.

ಅಂದರೆ ನೋಡಿ ಭಾವ, "ನಮಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿ" ಅನ್ನಲಿಕ್ಕೂ ಜನ ವಕೀಲರನ್ನು ಹಿಡಿಯಬೇಕಾಯಿತು. ಎದ್ದರೆ ಕೋರ್ಟು, ಕೂತರೆ ಕೋರ್ಟು ಆಗದೆ ಇನ್ನೇನಾಗುತ್ತದೆ?

ಇಲ್ಲೊಂದು ಒಪ್ಪಿಕೊಂಡುಬಿಡುತ್ತೇನೆ. ಆ ಕರಡನ್ನು ಇಂಗ್ಲಿಷಿನಲ್ಲೇ ಓದಬಲ್ಲವಳು ನಾನು. ಓದಿದ್ದೆ ಕೂಡ. ಆಕ್ಷೇಪ ಕಳಿಸಿದೆನಾ? ಇಲ್ಲ. ಫ್ಯಾಮಿಲಿ ಗ್ರೂಪಿಗೆ ಒಂದು ಲಿಂಕ್ ಹಾಕಿ, ಕೈ ಮುಗಿಯುವ ಎಮೋಜಿ ಒತ್ತಿ, ಮಲಗಿದೆ. ನನಗೆ ಬೇರೆ ಕೆಲಸ ಇತ್ತು ನೋಡಿ.

ಇನ್ನು ಕೆಲಸ ಶುರು ಮಾಡಿ ಆಮೇಲೆ ಪಡೆಯುವ ಆ ಅನುಮತಿ ವಿಷಯ. ಸರ್ಕಾರಿ ಕನ್ನಡದಲ್ಲಿ ಅದಕ್ಕೆ 'ಘಟನೋತ್ತರ' ಅನ್ನುತ್ತಾರೆ. ಎಷ್ಟು ಗಂಭೀರ ಪದ ಅಲ್ವಾ? ತಾಳಿ ಕಟ್ಟಿ, ಊಟ ಮುಗಿಸಿ, ಕೈ ತೊಳೆದುಕೊಂಡು ಬಂದು ಜಾತಕ ಕೇಳಿದ ಹಾಗೆ. 2017ರಲ್ಲಿ ಇದಕ್ಕೊಂದು ಅಧಿಸೂಚನೆ ಬಂತು. ಆರು ತಿಂಗಳ ಅವಕಾಶ, ಒಂದೇ ಸಲ ಅಂದಿದ್ದರು. ನಾಲ್ಕು ವರ್ಷಕ್ಕೆ, 2021ರಲ್ಲಿ, ಒಂದು ಕಚೇರಿ ಜ್ಞಾಪನ (ಸಚಿವಾಲಯದ ಸುತ್ತೋಲೆ) ಬಂದು ಆ 'ಒಂದೇ ಸಲ' ಹೋಯಿತು. ಸಂಸತ್ತಿನಲ್ಲಿ ಚರ್ಚೆ ಇಲ್ಲ, ಗಲಾಟೆ ಇಲ್ಲ. ಮುಂಬೈನ ವನಶಕ್ತಿ ಸಂಸ್ಥೆ ಕೋರ್ಟಿಗೆ ಹೋಯಿತು. 2025ರ ಮೇ 16ರಂದು ಸುಪ್ರೀಂ ಕೋರ್ಟ್ ಎರಡನ್ನೂ ರದ್ದು ಮಾಡಿತು. ತೀರ್ಪು ಬರೆದದ್ದು ನ್ಯಾಯಮೂರ್ತಿ ಅಭಯ್ ಓಕಾ. 2020ರಲ್ಲಿ ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಆಗಿದ್ದವರು ಅವರೇ. ನಾನಂತೂ ಅವತ್ತು ಪಾಯಸ ಮಾಡಿದೆ.

ಪಾಯಸ ಅರಗುವಷ್ಟು ದಿನವೂ ಆಗಲಿಲ್ಲ ಅನ್ನಿ. ನವೆಂಬರ್ 18ಕ್ಕೆ ಅದೇ ಸುಪ್ರೀಂ ಕೋರ್ಟಿನ ಮೂವರ ಪೀಠ, ಇಬ್ಬರು ಒಂದು ಕಡೆ ಒಬ್ಬರು ಒಂದು ಕಡೆ ಆಗಿ, ಆ ತೀರ್ಪನ್ನು ಹಿಂದಕ್ಕೆ ಪಡೆಯಿತು. ಸುಮಾರು 20,000 ಕೋಟಿ ರೂಪಾಯಿಯ ಸಾರ್ವಜನಿಕ ಯೋಜನೆಗಳನ್ನು ಕೆಡವಬೇಕಾಗುತ್ತದೆ ಅನ್ನುವುದು ಒಂದು ಕಾರಣ. ಒಪ್ಪದೆ ಉಳಿದವರು ನ್ಯಾಯಮೂರ್ತಿ ಉಜ್ಜಲ್ ಭುಯಾನ್, ಮೇ ತಿಂಗಳ ಪೀಠದಲ್ಲೂ ಇದ್ದವರು. ಕಟ್ಟಿದ್ದನ್ನು ಹೇಗೆ ಕೆಡವುವುದು ಅಂತ ಈಗ ಕೇಳುತ್ತಾರೆ. ಕೇಳದೆ ಕಟ್ಟಿದ್ದು ಯಾಕೆ ಅಂತ ಆಗ ಯಾರೂ ಕೇಳಲಿಲ್ಲ.

ಕಾಡಿನ ಕಥೆಯೂ ಇದೇ. ಗೋದಾವರ್ಮನ್ ಪ್ರಕರಣದಲ್ಲಿ 1996ರಲ್ಲೇ ಸುಪ್ರೀಂ ಕೋರ್ಟ್, ದಾಖಲೆಯಲ್ಲಿ ಏನೇ ಇರಲಿ, ನಿಘಂಟಿನ ಅರ್ಥದಲ್ಲಿ ಕಾಡಾಗಿದ್ದರೆ ಅದು ಕಾಡೇ ಅಂದಿತ್ತು. ಅರಣ್ಯ ಸಂರಕ್ಷಣಾ ಕಾಯ್ದೆಗೆ ಬಂದ 2023ರ ತಿದ್ದುಪಡಿ ಅದನ್ನು ಕಿರಿದು ಮಾಡಿತು. ಮತ್ತೆ ಕೋರ್ಟು. ಸದ್ಯಕ್ಕೆ ಹಳೆಯ ಅರ್ಥವನ್ನೇ ಪಾಲಿಸಿ ಅಂತ 2024ರ ಫೆಬ್ರವರಿಯಲ್ಲಿ ಮಧ್ಯಂತರ ಆದೇಶ ಬಂತು. ಗೆದ್ದ ಕೇಸನ್ನೇ ಮತ್ತೆ ಗೆಲ್ಲಬೇಕು.

"ಕೋರ್ಟಿನಿಂದ ಎಲ್ಲ ತಡ ಆಗುತ್ತದೆ" ಅನ್ನುವ ವಾದ ಬರುತ್ತದೆ, ಗೊತ್ತು. ತಡ ಆಗುವುದು ನಿಜ. ಯಾರಿಗೆ ತಡ ಅಂತ ನೋಡಿ. ಕುದುರೆಮುಖದ ಕಬ್ಬಿಣದ ಅದಿರಿನ ಗಣಿ ಗುತ್ತಿಗೆ ಮುಗಿದದ್ದು 1999ರಲ್ಲಿ. ವನ್ಯಜೀವಿ ಸಂರಕ್ಷಕ ಕೆ.ಎಂ. ಚಿಣ್ಣಪ್ಪನವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ನಿಲ್ಲಿಸಿ ಅಂದದ್ದು 2002ರಲ್ಲಿ. ಗಣಿ ನಿಂತದ್ದು 2005ರ ಕೊನೆಗೆ. ಅಷ್ಟೂ ವರ್ಷ ಮಳೆಗಾಲದಲ್ಲಿ ಭದ್ರೆ ಕೆಂಪಗೆ ಹರಿಯಿತು. ತಡದ ಲಾಭ ಹೊಳೆಗಂತೂ ಸಿಗಲಿಲ್ಲ.

ಇಷ್ಟೆಲ್ಲ ಅವತ್ತು ಪಂಕ್ತಿಯಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ಹೋಳಿಗೆಗೆ ಇನ್ನೊಂದು ಚಮಚ ತುಪ್ಪ ಹಾಕಿಸಿಕೊಂಡು ಸುಮ್ನೆ ಕೂತೆ. ಭಾವ ನನ್ನ ಫ್ರೆಂಡ್ ಲಿಸ್ಟಿನಲ್ಲೇ ಇದ್ದಾರೆ. ಓದಲಿ ಅಂತಲೇ ಕನ್ನಡದಲ್ಲಿ ಬರೆದಿದ್ದೇನೆ.